ಅವಿಧೇಯತೆಯ ಪಾಠ: ಅಮೆರಿಕದ ನಾಗರಿಕ ಹಕ್ಕುಗಳ ಚಳವಳಿ ತರಗತಿಯಲ್ಲಿ

ಶಾಲೆಯೆಂಬುದು ವಿಧೇಯತೆಯನ್ನು ಕಲಿಸುವ ಸಂಸ್ಥೆ. ಗಂಟೆ ಬಾರಿಸಿದೊಡನೆ ಸಾಲಾಗಿ ನಿಲ್ಲುವುದು, ಹೆಸರು ಕರೆದಾಗ ಓಗೊಡುವುದು, ಅಪ್ಪಣೆಯಿಲ್ಲದೆ ಹೊಸ್ತಿಲು ದಾಟದಿರುವುದು, ಇವು ಮಗು ಅಕ್ಷರ ಕಲಿಯುವುದಕ್ಕೂ ಮೊದಲು ಕಲಿಯುವ ಪಾಠಗಳು. ಇಂಥ ಸಂಸ್ಥೆಯೊಳಗೆ, ಹಾಜರಿ ಪುಸ್ತಕವನ್ನು ಮುಚ್ಚಿಟ್ಟು, ಅಧ್ಯಾಪಕನು ಕಾನೂನುಭಂಗದ ಚರಿತ್ರೆಯನ್ನು ಹೇಳಲು ತೊಡಗಿದನೆಂದರೆ ತನ್ನ ಕಾಲ ಕೆಳಗಿನ ನೆಲವನ್ನೇ ಅವನು ತುಸು ಅಗೆಯುತ್ತಿರುತ್ತಾನೆ. ಈ ಇಕ್ಕಟ್ಟಿನಿಂದ ಪಾರಾಗಲು ಪಾಠಪುಸ್ತಕಗಳು ಕಂಡುಕೊಂಡಿರುವ ದಾರಿ ಹಳೆಯದು, ನಮಗೆ ಚೆನ್ನಾಗಿ ಪರಿಚಿತವಾದುದು. ಕಾನೂನನ್ನು ಮುರಿದವರನ್ನು ಅವು ಪುಣ್ಯಪುರುಷರ ಪಂಕ್ತಿಯಲ್ಲಿ ಕೂರಿಸಿಬಿಡುತ್ತವೆ. ಪ್ರಹ್ಲಾದನ ಕಥೆಯನ್ನು ಕೇಳಿದ ಮಗು ತಂದೆಯ ಮಾತನ್ನು ಮೀರಲು ಕಲಿಯುವುದಿಲ್ಲ; ಕೈಮುಗಿಯಲು ಕಲಿಯುತ್ತದೆ.

ಅಮೆರಿಕದ ಕಪ್ಪು ಜನರು 1955ರಿಂದ 1965ರವರೆಗೆ ನಡೆಸಿದ ಅಹಿಂಸಾತ್ಮಕ ಹೋರಾಟ ಇಂದು ಆ ದೇಶದ ಶಾಲೆಗಳಲ್ಲಿ ಮಾತ್ರವಲ್ಲ, ನಮ್ಮ ಕಾಲೇಜುಗಳಲ್ಲಿಯೂ ಪಾಠದ ವಸ್ತುವಾಗಿದೆ. ಪಾಠವಾಗುವ ಈ ಕ್ರಿಯೆಯಲ್ಲಿ ಅದು ಏನನ್ನು ಕಳೆದುಕೊಳ್ಳುತ್ತಿದೆ ಎಂಬುದೇ ಈ ಲೇಖನದ ಪ್ರಶ್ನೆ. ರೂಢಿಯ ಪಾಠದಲ್ಲಿ ಈ ಚರಿತ್ರೆ ದಿಢೀರನೆ ಚಿಮ್ಮಿದ ಧೈರ್ಯದ ಕಥೆ. ವಾಸ್ತವದಲ್ಲಿ ಅದು ದೀರ್ಘವಾದ ಒಂದು ವಿದ್ಯಾಭ್ಯಾಸದ ಕಥೆ. ಆ ಚಳವಳಿಗೆ ತನ್ನದೇ ಶಾಲೆಗಳಿದ್ದವು, ಗುರುಗಳಿದ್ದರು, ಪಠ್ಯಗಳಿದ್ದವು, ಪರೀಕ್ಷೆಗಳೂ ಇದ್ದವು. ಇದನ್ನು ಬಿಟ್ಟು ಉಳಿದುದನ್ನು ಕಲಿಸಿದರೆ ಕಲಿಸಿದಂತಾಗುವುದಿಲ್ಲ.

ಮೊದಲಿಗೆ ಎಲ್ಲರೂ ಬಲ್ಲ ರೋಸಾ ಪಾರ್ಕ್ಸಳ ಕಥೆಯನ್ನೇ ನೋಡೋಣ. 1955ರ ಡಿಸೆಂಬರ್ 1ರ ಸಂಜೆ ಅಲಬಾಮಾ ರಾಜ್ಯದ ಮಾಂಟ್‌ಗೊಮರಿ ನಗರದಲ್ಲಿ, ದಿನವಿಡೀ ಹೊಲಿಗೆಯ ಕೆಲಸ ಮಾಡಿ ದಣಿದ ಹೆಂಗಸೊಬ್ಬಳು ಬಸ್ಸಿನಲ್ಲಿ ಕುಳಿತಿದ್ದಳು, ಬಿಳಿಯನೊಬ್ಬನಿಗೆ ಜಾಗ ಬಿಡೆಂದು ಚಾಲಕ ಹೇಳಿದಾಗ ಏಳಲಿಲ್ಲ, ಬಂಧಿತಳಾದಳು, ಜನ ಸಿಡಿದೆದ್ದರು. ಮಕ್ಕಳ ಪುಸ್ತಕಗಳಲ್ಲಿ ಕಥೆ ಇಷ್ಟೇ. ಹರ್ಬರ್ಟ್ ಕೋಲ್ ಎಂಬ ಅಮೆರಿಕನ್ ಶಿಕ್ಷಣತಜ್ಞ ಇದರ ಟೊಳ್ಳನ್ನು ಹಿಂದೆಯೇ ಎತ್ತಿ ತೋರಿಸಿದ್ದಾನೆ. ಜೀನ್ ಥಿಯೋಹಾರಿಸ್ 2013ರಲ್ಲಿ ಪ್ರಕಟಿಸಿದ ಜೀವನಚರಿತ್ರೆ ಅದನ್ನು ಪೂರ್ತಿಯಾಗಿ ಬಯಲಿಗೆಳೆದಿದೆ. ಸ್ವತಃ ಪಾರ್ಕ್ಸಳೇ ತನ್ನ ಆತ್ಮಕಥೆಯಲ್ಲಿ ಆ ದಿನ ತನಗಿದ್ದುದು ಮೈಯ ದಣಿವಲ್ಲವೆಂದು ಸ್ಪಷ್ಟಪಡಿಸಿದ್ದಾಳೆ. ಆದರೂ ದಣಿದ ಹೆಂಗಸು ಪುಸ್ತಕಗಳಿಂದ ಎದ್ದು ಹೋಗುತ್ತಿಲ್ಲ. ಏಕೆಂದರೆ ಅವಳು ಅಪಾಯಕಾರಿಯಲ್ಲ. ದಣಿವು ಯಾರಿಗೂ ಬರಬಹುದು. ಅದಕ್ಕೆ ತರಬೇತಿ ಬೇಕಿಲ್ಲ, ಸಂಘ ಬೇಕಿಲ್ಲ, ವಿಚಾರ ಬೇಕಿಲ್ಲ.

ನಿಜವಾದ ಪಾರ್ಕ್ಸ್ ಹನ್ನೆರಡು ವರ್ಷಗಳಿಂದ, 1943ರಿಂದ, ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುವ ರಾಷ್ಟ್ರೀಯ ಸಂಘದ ಸ್ಥಳೀಯ ಶಾಖೆಯ ಕಾರ್ಯದರ್ಶಿನಿಯಾಗಿ ಕೆಲಸ ಮಾಡಿದ್ದವಳು. ಅದೇ 1955ರ ಬೇಸಿಗೆಯಲ್ಲಿ ಟೆನೆಸಿ ರಾಜ್ಯದ ಹೈಲ್ಯಾಂಡರ್ ಜನಪದ ಶಾಲೆಯಲ್ಲಿ ನಡೆದ ಶಿಬಿರಕ್ಕೆ ಹೋಗಿ ಬಂದಿದ್ದಳು. ಆ ವರ್ಷದ ಮಾರ್ಚಿಯಲ್ಲಿ ಅದೇ ನಗರದ ಬಸ್ಸಿನಲ್ಲಿ ಕ್ಲಾಡೆಟ್ ಕೋಲ್ವಿನ್ ಎಂಬ ಹದಿನೈದು ವರ್ಷದ ಶಾಲಾ ಬಾಲಕಿ ಏಳಲು ನಿರಾಕರಿಸಿ ಬಂಧನಕ್ಕೊಳಗಾಗಿದ್ದಳು. ಎಳೆಯ ವಯಸ್ಸಿನವಳು, ಬಡವರ ಮನೆಯವಳು, ಮೊಕದ್ದಮೆಯ ಭಾರವನ್ನು ಹೊರಲಾರಳೆಂದು ನಾಯಕರು ಅವಳನ್ನು ಮುಂದೆ ಮಾಡಲಿಲ್ಲ. ಆದರೆ ಕೊನೆಗೆ ಬಸ್ಸಿನ ವರ್ಣಭೇದವನ್ನು ಅಳಿಸಿಹಾಕಿದ ಮೊಕದ್ದಮೆಯ ನಾಲ್ವರು ವಾದಿಗಳಲ್ಲಿ ಈ ಹುಡುಗಿ ಒಬ್ಬಳು; ಪಾರ್ಕ್ಸಳ ಹೆಸರು ಅದರಲ್ಲಿ ಇಲ್ಲ. ಕೋಲ್ವಿನ್ನಳ ಬಂಧನದ ದಾಖಲೆಯನ್ನು ನ್ಯಾಯಾಲಯ ಅಳಿಸಿದುದು 2021ರಲ್ಲಿ, ಅರುವತ್ತಾರು ವರ್ಷಗಳ ತರುವಾಯ.

ಇನ್ನು ಬಹಿಷ್ಕಾರ. ಪಾರ್ಕ್ಸಳ ಬಂಧನದ ಸುದ್ದಿ ಬಂದ ರಾತ್ರಿ ಜೋ ಆನ್ ರಾಬಿನ್ಸನ್ ಎಂಬ ಕಾಲೇಜು ಅಧ್ಯಾಪಿಕೆ ತನ್ನ ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದ ಮುಂದೆ ಬೆಳಗಿನವರೆಗೆ ಕುಳಿತು ಸಾವಿರಾರು ಕರಪತ್ರಗಳನ್ನು ತೆಗೆದಳು. ಮರುದಿನ ಅವನ್ನು ಹಂಚಲು ನೆರವಾದವರಲ್ಲಿ ಅವಳ ವಿದ್ಯಾರ್ಥಿಗಳೂ ಇದ್ದರು. ಅವಳ ಮಹಿಳಾ ರಾಜಕೀಯ ಮಂಡಲಿ ಬಸ್ಸಿನ ಅವಮಾನಗಳ ಬಗ್ಗೆ 1954ರ ಮೇ ತಿಂಗಳಲ್ಲಿಯೇ ನಗರಾಧ್ಯಕ್ಷನಿಗೆ ಪತ್ರ ಬರೆದು, ಬಹಿಷ್ಕಾರದ ಮಾತನ್ನು ಸೂಚಿಸಿತ್ತು. 381 ದಿನಗಳ ಬಹಿಷ್ಕಾರ ನಿಂತುದು ಭಾಷಣಗಳ ಮೇಲೆ ಮಾತ್ರವಲ್ಲ. ಖಾಸಗಿ ಮೋಟಾರುಗಳನ್ನು ಕೂಡಿಸಿ, ಹತ್ತುವ ಇಳಿಯುವ ಠಾಣ್ಯಗಳನ್ನು ಗೊತ್ತುಮಾಡಿ, ಪೆಟ್ರೋಲಿನ ಲೆಕ್ಕ ಬರೆದಿಟ್ಟ ವ್ಯವಸ್ಥೆಯ ಮೇಲೆ. ಇನ್ನೊಂದು ಸಂಗತಿಯನ್ನು ವಿದ್ಯಾರ್ಥಿಗಳಿಗೆ ಹೇಳಿದರೆ ಅವರು ಬೆರಗಾಗುತ್ತಾರೆ. ಆರಂಭದ ಬೇಡಿಕೆ ವರ್ಣವಿಭಜನೆಯ ನಿರ್ಮೂಲನವಾಗಿರಲಿಲ್ಲ. ಮರ್ಯಾದೆಯಿಂದ ನಡೆಸಿಕೊಳ್ಳಬೇಕು, ಕಪ್ಪು ಜನರು ಹಿಂದಿನಿಂದಲೂ ಬಿಳಿಯರು ಮುಂದಿನಿಂದಲೂ ಬಂದ ಕ್ರಮದಲ್ಲಿ ಕೂರಬೇಕು, ಕಪ್ಪು ಜನರ ಬೀದಿಗಳ ಬಸ್ಸುಗಳಿಗೆ ಕಪ್ಪು ಚಾಲಕರನ್ನು ನೇಮಿಸಬೇಕು, ಇಷ್ಟೇ. ಇಷ್ಟು ಸಣ್ಣ ಬೇಡಿಕೆಯನ್ನೂ ಒಪ್ಪದ ಅಧಿಕಾರಿಗಳ ಹಟವೇ ಚಳವಳಿಯನ್ನು ದೊಡ್ಡ ಬೇಡಿಕೆಗೆ ಏರಿಸಿತು.

ಇಲ್ಲಿ ಪರಿಭಾಷೆಯ ಪ್ರಶ್ನೆಯೊಂದು ಏಳುತ್ತದೆ. ಬಸ್ಸು ಹತ್ತದಿರುವುದು ಕಾನೂನುಭಂಗವೆ? ಅದು ಅಸಹಕಾರ. ಆದರೆ ಅಲಬಾಮಾದ ಸರಕಾರ 1921ರ ಬಹಿಷ್ಕಾರ ವಿರೋಧಿ ಕಾನೂನೊಂದನ್ನು ಹುಡುಕಿ ತೆಗೆದು 1956ರ ಫೆಬ್ರವರಿಯಲ್ಲಿ ಎಂಬತ್ತಕ್ಕೂ ಮಿಕ್ಕಿದ ಜನರ ಮೇಲೆ ಆರೋಪ ಹೊರಿಸಿದಾಗ, ಮನೆಯಿಂದ ಕೆಲಸಕ್ಕೆ ನಡೆದು ಹೋಗುವುದೂ ಅಪರಾಧದ ನೆರಳಿಗೆ ಬಂತು. 1961ರ ಸ್ವಾತಂತ್ರ್ಯ ಯಾತ್ರಿಕರಾದರೋ ಅಂತರರಾಜ್ಯ ಬಸ್ಸುಗಳಲ್ಲಿ ಬಿಳಿಯರೂ ಕಪ್ಪು ಜನರೂ ಒಟ್ಟಿಗೆ ಕುಳಿತು ಹೋದರು. ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳ ಪ್ರಕಾರ ಅವರು ಕಾನೂನನ್ನು ಮುರಿಯಲೇ ಇಲ್ಲ, ಪಾಲಿಸಿದರು. ಮುರಿದವರು ಅವರನ್ನು ಬಂಧಿಸಿದವರು. ಇವೆಲ್ಲವನ್ನೂ ಒಂದೇ ಹೆಸರಿನ ಕೆಳಗೆ ತುರುಕುವ ಪಾಠ ವಿದ್ಯಾರ್ಥಿಯ ವಿವೇಚನೆಯನ್ನು ಮೊಂಡು ಮಾಡುತ್ತದೆ.

ನಮ್ಮ ಭಾಷೆಯೂ ಈ ವಿಷಯದಲ್ಲಿ ನಿರ್ದೋಷಿಯಲ್ಲ. 'ಸಿವಿಲ್ ಡಿಸ್‌ಒಬೀಡಿಯೆನ್ಸ್' ಎಂಬುದನ್ನು ನಾವು 'ಸವಿನಯ ಕಾನೂನುಭಂಗ' ಎಂದು ಕರೆದಿದ್ದೇವೆ. ಇಂಗ್ಲಿಷಿನ 'ಸಿವಿಲ್' ಪದಕ್ಕೆ ಎರಡು ಮುಖಗಳುಂಟು: ಒಂದು ಸೌಜನ್ಯ, ಇನ್ನೊಂದು ಪೌರತ್ವ. ನಮ್ಮ 'ಸವಿನಯ' ಮೊದಲನೆಯದನ್ನು ಮಾತ್ರ ಹಿಡಿದು ಎರಡನೆಯದನ್ನು ಕೈಬಿಟ್ಟಿತು. ಪೌರನಾಗಿ, ರಾಜ್ಯದ ಪಾಲುದಾರನಾಗಿ, ಇದು ನನ್ನ ಕಾನೂನು, ಇದು ಕೆಟ್ಟುದು ಎಂದು ನಿಂತು ಹೇಳುವ ಅಧಿಕಾರದ ಅರ್ಥ ನಮ್ಮ ಪದದಲ್ಲಿ ಇಲ್ಲ; ತಲೆಬಾಗಿಸಿ ಮುರಿಯುವ ಅರ್ಥವಿದೆ. ಥೋರೋ ಕೂಡ ತನ್ನ ಪ್ರಬಂಧಕ್ಕೆ ಆ ಹೆಸರನ್ನು ಇಟ್ಟವನಲ್ಲ ಎಂಬುದನ್ನು ನೆನಪಿಡಬೇಕು. ತೆರಿಗೆ ಕೊಡದೆ 1846ರಲ್ಲಿ ಒಂದು ರಾತ್ರಿ ಸೆರೆಯಲ್ಲಿದ್ದ ಅವನು 1849ರಲ್ಲಿ ಅದನ್ನು ಅಚ್ಚುಮಾಡಿಸಿದಾಗ ಅದರ ಶೀರ್ಷಿಕೆಯಲ್ಲಿ ಇದ್ದುದು 'ಪ್ರತಿರೋಧ'ವೆಂಬ ಮಾತು. 'ಅವಿಧೇಯತೆ' ಬಂದುದು ಅವನು ಸತ್ತ ಮೇಲೆ, 1866ರ ಸಂಕಲನದಲ್ಲಿ.

ಥೋರೋನಿಂದ ಗಾಂಧಿ, ಗಾಂಧಿಯಿಂದ ಕಿಂಗ್ ಎಂದು ಮೂರು ಹೆಸರುಗಳನ್ನು ಗುರುಪರಂಪರೆಯಂತೆ ಕರಿಹಲಗೆಯ ಮೇಲೆ ಬರೆಯುವ ಪದ್ಧತಿಯನ್ನೂ ಒಂದಿಷ್ಟು ತಡೆಹಿಡಿಯಬೇಕು. ಭಾರತ ಸೇವಕ ಸಮಾಜದ ಪಿ. ಕೋದಂಡರಾವ್ ಅವರಿಗೆ 1935ರಲ್ಲಿ ಬರೆದ ಪತ್ರದಲ್ಲಿ ಗಾಂಧೀಜಿ, ಥೋರೋನ ಪ್ರಬಂಧ ತಮ್ಮ ಕೈಸೇರುವ ಮೊದಲೇ ದಕ್ಷಿಣ ಆಫ್ರಿಕದ ಹೋರಾಟ ಬಹಳ ಮುಂದುವರಿದಿತ್ತೆಂದು ತಿಳಿಸಿದ್ದಾರೆ. ಗಾಂಧಿಯಿಂದ ಕಿಂಗ್‌ನವರೆಗಿನ ಹಾದಿಯೂ ಒಂದೇ ಜಿಗಿತದ್ದಲ್ಲ. ದಾಂಡಿಯಾತ್ರೆಯಲ್ಲಿ ನಡೆದ ಕೃಷ್ಣಲಾಲ ಶ್ರೀಧರಾಣಿ ಅಮೆರಿಕದಲ್ಲಿದ್ದಾಗ 1939ರಲ್ಲಿ ಪ್ರಕಟಿಸಿದ ಸತ್ಯಾಗ್ರಹ ಕುರಿತ ಗ್ರಂಥವೇ, 1942ರಲ್ಲಿ ಷಿಕಾಗೋದಲ್ಲಿ ಹುಟ್ಟಿದ ಜನಾಂಗ ಸಮಾನತೆಯ ಸಂಘದವರಿಗೆ ಕೈಪಿಡಿಯಾಯಿತು. ಕನ್ನಡಿಗರಾದ ರಂಗನಾಥ ದಿವಾಕರರು ಸತ್ಯಾಗ್ರಹದ ತಂತ್ರವನ್ನೂ ಇತಿಹಾಸವನ್ನೂ ಕುರಿತು ಇಂಗ್ಲಿಷಿನಲ್ಲಿ 1946ರಲ್ಲಿ ಬರೆದ ಗ್ರಂಥ 1948ರಲ್ಲಿ ಅಮೆರಿಕದಲ್ಲಿಯೂ ಅಚ್ಚಾಯಿತು. ಧಾರವಾಡದ ಮಣ್ಣಿನಿಂದ ಎದ್ದ ಈ ಗ್ರಂಥದ ವಿಶೇಷ ಅದರ ಹೆಸರಿನಲ್ಲಿಯೇ ಇದೆ: ಸತ್ಯಾಗ್ರಹವನ್ನು ಅದು ಭಾವವೆಂದಲ್ಲ, ತಂತ್ರವೆಂದು ನೋಡುತ್ತದೆ. ನಮ್ಮ ಕನ್ನಡ ಸಂಘಗಳ ಗ್ರಂಥಾಲಯಗಳಲ್ಲಿ ಇದು ಎಷ್ಟು ಕಡೆ ಕಪಾಟಿನಿಂದ ಇಳಿಯುತ್ತದೆಯೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಮಾರ್ಟಿನ್ ಲೂಥರ್ ಕಿಂಗ್ ಅಹಿಂಸೆಯನ್ನು ಹುಟ್ಟುತ್ತಲೇ ತಂದವನಲ್ಲ. 1956ರ ಜನವರಿ 30ರಂದು ಅವನ ಮನೆಯ ಮೇಲೆ ಬಾಂಬು ಬಿತ್ತು. ಆ ದಿನಗಳಲ್ಲಿ ಅವನ ಮನೆಯಲ್ಲಿ ಬಂದೂಕುಗಳಿದ್ದವು. ಪಿಸ್ತೂಲು ಒಯ್ಯಲು ಅವನು ಪರವಾನಿಗೆಯನ್ನೂ ಕೇಳಿದ್ದನು. ಮರು ತಿಂಗಳು ಅಲ್ಲಿಗೆ ಬಂದ ಬಯಾರ್ಡ್ ರಸ್ಟಿನ್, ಅವನ ಹಿಂದೆ ಬಂದ ಗ್ಲೆನ್ ಸ್ಮೈಲಿ, ಇವರ ಸಹವಾಸದಲ್ಲಿ, ನಡೆಯುತ್ತಿದ್ದ ಹೋರಾಟದ ಮಧ್ಯದಲ್ಲಿಯೇ, ಅವನು ಅಹಿಂಸೆಯನ್ನು ಶಿಸ್ತಾಗಿ ಕಲಿತನು. ಗಾಂಧಿ ಸ್ಮಾರಕ ನಿಧಿಯ ಆಮಂತ್ರಣದ ಮೇಲೆ 1959ರಲ್ಲಿ ಭಾರತಕ್ಕೆ ಬಂದಾಗ ಅವನು ವಿದ್ಯಾರ್ಥಿಯಾಗಿಯೇ ಬಂದನು. ಈ ಕಲಿಕೆಯನ್ನು ಮುಚ್ಚಿಡುವ ಪಾಠ ಕಿಂಗ್‌ನಿಗೆ ಗೌರವ ಕೊಟ್ಟಂತೆ ಕಾಣುತ್ತದೆ, ನಿಜ. ಆದರೆ ಬಂದೂಕನ್ನು ಇಟ್ಟುಕೊಂಡಿದ್ದವನು ಅದನ್ನು ಕೆಳಗಿಟ್ಟನೆಂಬ ಸಂಗತಿಯಲ್ಲಿರುವ ಬೆಲೆ, ಹುಟ್ಟು ಸಂತನ ಕಥೆಯಲ್ಲಿ ಎಲ್ಲಿಂದ ಬಂದೀತು?

ಅಹಿಂಸೆ ಕಲಿಸಬಹುದಾದ ವಿದ್ಯೆಯೆಂಬುದಕ್ಕೆ ಶ್ರೇಷ್ಠವಾದ ನಿದರ್ಶನ ನ್ಯಾಶ್‌ವಿಲ್. ಅದರ ಬೇರು ನಾಗಪುರದಲ್ಲಿದೆ. ಕೊರಿಯಾ ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಲು ನಿರಾಕರಿಸಿ ಸೆರೆವಾಸ ಅನುಭವಿಸಿದ ಜೇಮ್ಸ್ ಲಾಸನ್ 1953ರಲ್ಲಿ ಮೆಥಡಿಸ್ಟ್ ಮಿಷನ್ನಿನ ಪರವಾಗಿ ನಾಗಪುರದ ಹಿಸ್ಲಾಪ್ ಕಾಲೇಜಿಗೆ ಬಂದು ಮೂರು ವರ್ಷ ಇದ್ದನು. ಆಟೋಟಗಳ ಶಿಕ್ಷಕನಾಗಿದ್ದು, ಬಿಡುವಿನಲ್ಲಿ ಗಾಂಧೀ ವಿಚಾರವನ್ನು ಅಭ್ಯಾಸ ಮಾಡಿದನು. ಮಾಂಟ್‌ಗೊಮರಿಯ ಸುದ್ದಿಯನ್ನು ಅವನು ಓದಿದುದು ಅಲ್ಲಿನ ಪತ್ರಿಕೆಯಲ್ಲಿ. ಸ್ವದೇಶಕ್ಕೆ ಮರಳಿ 1957ರಲ್ಲಿ ಕಿಂಗ್‌ನನ್ನು ಕಂಡಾಗ, ತಡಮಾಡದೆ ದಕ್ಷಿಣಕ್ಕೆ ಬಾ ಎಂದು ಕಿಂಗ್ ಒತ್ತಾಯಿಸಿದನು. ನ್ಯಾಶ್‌ವಿಲ್ಲಿನಲ್ಲಿ ಚರ್ಚೊಂದರ ನೆಲಮಾಳಿಗೆಯಲ್ಲಿ ಅವನು ನಡೆಸಿದ ಶಿಬಿರಗಳಿಂದ ಹೊರಬಂದವರು ಡಯೇನ್ ನ್ಯಾಶ್, ಜಾನ್ ಲೂಯಿಸ್, ಜೇಮ್ಸ್ ಬೆವೆಲ್, ಬರ್ನಾರ್ಡ್ ಲಫಾಯೆಟ್. ಆ ದಶಕದ ಉಳಿದ ಚರಿತ್ರೆಯ ಅರ್ಧ ಭಾಗ ಈ ನಾಲ್ಕು ಹೆಸರುಗಳ ಸುತ್ತ ತಿರುಗುತ್ತದೆ.

ಶಿಬಿರದ ಪಾಠಕ್ರಮವನ್ನು ಗಮನಿಸಿರಿ. ಮೊದಲು ಓದು: ಬೈಬಲ್ಲು, ಗಾಂಧಿ, ಥೋರೋ. ಅನಂತರ ಅಭಿನಯ: ಕೆಲವರು ಅಂಗಡಿಯ ಉಪಾಹಾರದ ಕೌಂಟರಿನ ಮುಂದೆ ಕುಳಿತವರಾದರೆ ಮಿಕ್ಕವರು ಅವರನ್ನು ಬೈಯುವ, ತಳ್ಳುವ, ಕುರ್ಚಿಯಿಂದ ಕೆಡವುವ ಪುಂಡರಾಗಬೇಕು. ಬಿದ್ದಾಗ ತಲೆಯನ್ನು ಹೇಗೆ ಕಾಪಾಡಿಕೊಳ್ಳಬೇಕು, ಪಕ್ಕದವನಿಗೆ ಏಟು ಬಿದ್ದಾಗ ಏನು ಮಾಡಬೇಕು, ಮರಳಿ ಕೈಯೆತ್ತಬೇಕೆಂಬ ಚಪಲ ಮೈಯಲ್ಲಿ ಎಲ್ಲಿ ಹುಟ್ಟುತ್ತದೆ, ಇವುಗಳೆಲ್ಲ ಅಲ್ಲಿ ಅಧ್ಯಯನದ ವಿಷಯಗಳು. 1959ರ ಕೊನೆಯಲ್ಲಿ ಒಂದೆರಡು ಅಂಗಡಿಗಳಲ್ಲಿ ಪ್ರಯೋಗ. ಕೂತು, ನಿರಾಕರಣೆ ಕೇಳಿ, ಎದ್ದುಬಂದು ಟಿಪ್ಪಣಿ ಬರೆದುದು. 1960ರ ಫೆಬ್ರವರಿ 13ರಂದು ನಿಜವಾದ ಆರಂಭ. 27ರಂದು ಪುಂಡರ ದಾಳಿಯಾಗಿ, ಹೊಡೆದವರನ್ನು ಬಿಟ್ಟು ಹೊಡೆಸಿಕೊಂಡವರಲ್ಲಿ ಸುಮಾರು ಎಂಬತ್ತು ಮಂದಿಯನ್ನು ಪೊಲೀಸರು ಹಿಡಿದೊಯ್ದರು. ಎದ್ದುಹೋದವರ ಸ್ಥಾನದಲ್ಲಿ ಹೊಸ ತಂಡ ಬಂದು ಕುಳಿತುಕೊಂಡಿತು. ಸತ್ಯಾಗ್ರಹಿಗಳಿಗಾಗಿ ಲೂಯಿಸ್ ಮತ್ತು ಲಫಾಯೆಟ್ ಬರೆದ ನಿಯಮಗಳ ಪುಟ್ಟ ಹಾಳೆ ಉಳಿದುಬಂದಿದೆ. ನೇರವಾಗಿ ಕೂರಬೇಕು, ಕೌಂಟರಿನ ಕಡೆಗೇ ಮುಖ ಮಾಡಿರಬೇಕು, ಗಟ್ಟಿಯಾಗಿ ನಗಬಾರದು, ನಾಯಕನ ಅಪ್ಪಣೆಯಿಲ್ಲದೆ ಏಳಬಾರದು. ಈ ಲೇಖನದ ಆರಂಭದಲ್ಲಿ ಹೇಳಿದ ಶಾಲೆಯ ನಿಯಮಗಳಿಗೂ ಇವಕ್ಕೂ ಇರುವ ಹೋಲಿಕೆ ಆಕಸ್ಮಿಕವಲ್ಲ. ಒಂದು ವಿಧೇಯತೆಯನ್ನು ಮುರಿಯಲು ಅವರಿಗೆ ಅದಕ್ಕಿಂತ ಕಠಿಣವಾದ ಇನ್ನೊಂದು ವಿಧೇಯತೆ ಬೇಕಾಗಿತ್ತು.

ಏಪ್ರಿಲ್ 19ರ ಬೆಳಗಿನ ಜಾವ ಅವರ ವಕೀಲನ ಮನೆಗೆ ಬಾಂಬು ಬಿತ್ತು. ಸಾವಿರಾರು ಜನ ಸದ್ದಿಲ್ಲದೆ ನಗರಸಭೆಯವರೆಗೆ ನಡೆದರು. ಮೆಟ್ಟಿಲ ಮೇಲೆ ಡಯೇನ್ ನ್ಯಾಶ್ ನಗರಾಧ್ಯಕ್ಷನನ್ನು ಕೇಳಿದ ಪ್ರಶ್ನೆ ಸರಳವಾಗಿತ್ತು: ಬಣ್ಣದ ಕಾರಣದಿಂದ ಒಬ್ಬ ಮನುಷ್ಯನನ್ನು ಬೇರೆಯಾಗಿ ಕಾಣುವುದು ತಪ್ಪಲ್ಲವೆ? ತಪ್ಪೆಂದು ಆತ ಒಪ್ಪಿಕೊಂಡನು. ಮೇ 10ರಂದು ಕೌಂಟರುಗಳು ಎಲ್ಲರಿಗೂ ತೆರೆದವು. ಲಾಸನ್ ಮಾತ್ರ ಅಷ್ಟರೊಳಗೆ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಿಂದ ಹೊರಹಾಕಲ್ಪಟ್ಟಿದ್ದನು. ಅದೇ ವಿಶ್ವವಿದ್ಯಾಲಯ 2006ರಲ್ಲಿ ಅವನನ್ನು ಸಂದರ್ಶಕ ಪ್ರಾಧ್ಯಾಪಕನಾಗಿ ಕರೆಸಿಕೊಂಡಿತು. 2024ರಲ್ಲಿ, ತೊಂಬತ್ತೈದರ ವಯಸ್ಸಿನಲ್ಲಿ, ಅವನು ತೀರಿಕೊಂಡನು.

ಗ್ರೀನ್ಸ್‌ಬರೋ ನಗರದ ಉದಾಹರಣೆಯನ್ನು ತೋರಿಸಿ ನಮ್ಮ ವಾದವನ್ನು ಅಲ್ಲಗಳೆಯಬಹುದು. ಅಲ್ಲಿ 1960ರ ಫೆಬ್ರವರಿ 1ರಂದು ವುಲ್ವರ್ತ್ ಅಂಗಡಿಯಲ್ಲಿ ಕುಳಿತ ನಾಲ್ವರು ಹೊಸ ವಿದ್ಯಾರ್ಥಿಗಳಿಗೆ ಯಾವ ಲಾಸನ್ನನೂ ಇರಲಿಲ್ಲ. ಆಕ್ಷೇಪ ನ್ಯಾಯವಾದುದೇ, ತರಬೇತಿಯಿಲ್ಲದೆ ಕಿಡಿ ಹೊತ್ತುವುದುಂಟು. ಆದರೂ ಆ ಹುಡುಗರು ಕೌಂಟರಿಗೆ ಹೋಗುವ ಮುನ್ನ ಅದೇ ಅಂಗಡಿಯ ಇನ್ನೊಂದು ಕಡೆ ಹಲ್ಲುಜ್ಜುವ ಪೇಸ್ಟು ಮುಂತಾದ ಸಣ್ಣ ಸಾಮಾನು ಕೊಂಡು ರಸೀತಿ ಇಟ್ಟುಕೊಂಡಿದ್ದರು. ಅಲ್ಲಿ ನಮ್ಮ ಹಣ ಸಲ್ಲುತ್ತದೆ, ಇಲ್ಲಿ ಏಕೆ ಸಲ್ಲದು, ಎಂಬ ಪ್ರಶ್ನೆಗೆ ಆ ರಸೀತಿ ಸಾಕ್ಷಿ. ಅಷ್ಟು ವಿಚಾರ ಮಾಡಿ ಹೊರಟದ್ದನ್ನು ದಿಢೀರ್ ಧೈರ್ಯವೆನ್ನಲಾಗದು.

(ಈಚೆಗೆ ಕೆಲವು ಉತ್ಸಾಹಿ ಅಧ್ಯಾಪಕರು ಲಾಸನ್ನನ ಅಭಿನಯವನ್ನು ತರಗತಿಯಲ್ಲಿಯೇ ಆಡಿಸುತ್ತಾರೆ. ಇದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ನ್ಯಾಶ್‌ವಿಲ್ಲಿನವರು ಮರುದಿನ ನಿಜವಾಗಿ ಏಟು ತಿನ್ನಲು ತಾವಾಗಿಯೇ ಬಂದ ಪ್ರಾಯದವರು. ಮುಂದಿನ ತಾಸಿನಲ್ಲಿ ಗಣಿತ ಕಲಿಯಬೇಕಾದ ಮಗುವಿನ ಬಾಯಿಂದ ಸಹಪಾಠಿಯನ್ನು ಹೀನಾಯವಾಗಿ ಬೈಯಿಸುವುದರಿಂದ ಬೈಗಳೊಂದೇ ನೆನಪಿನಲ್ಲಿ ಉಳಿಯುತ್ತದೆ.)

ಇನ್ನು ಈ ಚಳವಳಿಯ ಸಾಹಿತ್ಯದಲ್ಲಿ ಶಿಖರಪ್ರಾಯವಾದ ಕೃತಿ, 1963ರ ಏಪ್ರಿಲ್ 16ರ ತಾರೀಖನ್ನು ಹೊತ್ತ ಬರ್ಮಿಂಗ್‌ಹ್ಯಾಮ್ ಸೆರೆಮನೆಯ ಪತ್ರ. ಎಂಟು ಮಂದಿ ಬಿಳಿಯ ಧರ್ಮಾಧಿಕಾರಿಗಳು ಪತ್ರಿಕೆಯಲ್ಲಿ ಹೇಳಿಕೆ ಕೊಟ್ಟು, ಈ ಮೆರವಣಿಗೆಗಳು ಅಕಾಲಿಕವೆಂದೂ ನ್ಯಾಯಾಲಯದ ದಾರಿ ಹಿಡಿಯಬೇಕೆಂದೂ ಉಪದೇಶಿಸಿದ್ದರು. ಕಿಂಗ್ ಅದೇ ಪತ್ರಿಕೆಯ ಅಂಚಿನಲ್ಲಿ ಉತ್ತರ ಬರೆಯತೊಡಗಿ, ಸಿಕ್ಕ ಚೂರು ಕಾಗದಗಳಲ್ಲಿ ಮುಂದುವರಿಸಿ, ವಕೀಲರ ಕೈಯಲ್ಲಿ ಹೊರಗೆ ಸಾಗಿಸಿದನು. ಸಂಕಲನಗಳಲ್ಲಿ ಇದರ ನಾಲ್ಕಾರು ಸೂಕ್ತಿಗಳನ್ನು ಕಿತ್ತು ಕೊಡುತ್ತಾರೆ. ಅದು ಕೃತಿಗೆ ಮಾಡುವ ಅಪಚಾರ. ಏಕೆಂದರೆ ಇದು ಸೂಕ್ತಿಗಳ ಮಾಲೆಯಲ್ಲ, ವಾದ. ಅಹಿಂಸಾತ್ಮಕ ಹೋರಾಟಕ್ಕೆ ನಾಲ್ಕು ಮೆಟ್ಟಿಲುಗಳನ್ನು ಅದು ಹೇಳುತ್ತದೆ: ಸಂಗತಿಗಳ ಸಂಗ್ರಹ, ಮಾತುಕತೆ, ಆತ್ಮಶುದ್ಧಿ, ಆಮೇಲೆ ನೇರ ಕಾರ್ಯಾಚರಣೆ. ಪಾಠಪುಸ್ತಕ ನಾಲ್ಕನೆಯದನ್ನು ಮಾತ್ರ ಚಿತ್ರಿಸುತ್ತದೆ. 1962ರಲ್ಲಿ ವ್ಯಾಪಾರಿಗಳೊಡನೆ ನಡೆದ ಮಾತುಕತೆ, ಅಂಗಡಿಗಳಿಂದ ತೆಗೆದು ಮತ್ತೆ ಹಾಕಿದ ವರ್ಣಭೇದದ ಫಲಕಗಳು, ನಗರದ ಚುನಾವಣೆಗಾಗಿ ಹೋರಾಟವನ್ನು ಏಪ್ರಿಲ್ 3ರವರೆಗೆ ಮುಂದೂಡಿದುದು, ಇವುಗಳನ್ನೆಲ್ಲ ಓದದವನಿಗೆ 'ಅಕಾಲಿಕ' ಎಂಬ ಆಕ್ಷೇಪದ ಅನ್ಯಾಯ ತಿಳಿಯುವಂತಿಲ್ಲ.

ಪತ್ರದ ನಡುವೆ ಮುನ್ನೂರು ಪದಗಳನ್ನು ಮೀರಿದ ಒಂದು ವಾಕ್ಯವಿದೆ. ಕಾಯಿರಿ ಎನ್ನುವವರಿಗೆ ಉತ್ತರವಾಗಿ ಕಿಂಗ್ ಅವಮಾನಗಳನ್ನು ಒಂದರ ಮೇಲೊಂದು ಪೇರಿಸುತ್ತ ಹೋಗುತ್ತಾನೆ. ವಿನೋದ ವನಕ್ಕೆ ತನಗೇಕೆ ಪ್ರವೇಶವಿಲ್ಲವೆಂದು ಕೇಳುವ ಆರು ವರ್ಷದ ಮಗಳ ಮುಂದೆ ತಂದೆಯ ನಾಲಗೆ ತೊದಲುವುದೂ ಅವುಗಳಲ್ಲಿ ಒಂದು. ಪ್ರಧಾನ ವಾಕ್ಯ ಕಟ್ಟಕಡೆಗೆ ಬರುತ್ತದೆ. ಕಾಯುವಿಕೆಯನ್ನು ಕುರಿತ ವಾಕ್ಯ ಓದುಗನನ್ನೇ ಕಾಯಿಸುತ್ತದೆ. ಇಂಗ್ಲಿಷಿನಲ್ಲಿ ಇದು ಭಾಷೆಯ ಸಹಜ ನಡೆಯನ್ನು ಬಲವಂತವಾಗಿ ತಡೆಹಿಡಿದು ಸಾಧಿಸಿದ ಪರಿಣಾಮ. ಕನ್ನಡಕ್ಕೆ ತರುವವನಿಗೆ ಇಲ್ಲಿ ವಿಚಿತ್ರವಾದ ತೊಡಕು ಎದುರಾಗುತ್ತದೆ: ನಮ್ಮ ವಾಕ್ಯದಲ್ಲಿ ಕ್ರಿಯಾಪದ ಎಂದಿಗೂ ಕೊನೆಗೇ ಬರುವುದು, ನಾವು ಹುಟ್ಟಿದಂದಿನಿಂದ ಕಾಯುತ್ತಲೇ ಇದ್ದೇವೆ. ಅಲ್ಲಿ ಅಸಾಧಾರಣವಾದುದು ಇಲ್ಲಿ ದಿನಬಳಕೆ. ಆ ಉಸಿರುಗಟ್ಟುವಿಕೆಯನ್ನು ಕನ್ನಡದಲ್ಲಿ ಉಂಟುಮಾಡಬೇಕಾದರೆ ವಾಕ್ಯವನ್ನು ಉದ್ದಮಾಡಿದರೆ ಸಾಲದು. ಕ್ರಿಯಾಪದವನ್ನು ಮೊದಲೇ ಕೊಟ್ಟು, ಮುಗಿಯಿತೆಂದುಕೊಂಡವನ ಮೇಲೆ ಮತ್ತೆ ಮತ್ತೆ ಹೇರುವ ಚಿಕ್ಕ ವಾಕ್ಯಗಳ ಸಾಲೇ ಬೇಕಾದೀತು. ವಿದ್ಯಾರ್ಥಿಗಳಿಂದ ಈ ಒಂದು ವಾಕ್ಯವನ್ನು ಅನುವಾದ ಮಾಡಿಸುವುದು, ಅಹಿಂಸೆಯ ಮೇಲೆ ಹತ್ತು ಪ್ರಬಂಧ ಬರೆಸುವುದಕ್ಕಿಂತ ಮೇಲು.

ಪತ್ರದ ತರ್ಕದಲ್ಲಿ ಸಡಿಲವಾದ ಎಡೆಗಳೂ ಇಲ್ಲದಿಲ್ಲ. ತರಗತಿಯಲ್ಲಿ ಮುಟ್ಟಬೇಕಾದುದು ಅವನ್ನೇ. ನ್ಯಾಯವಾದ ಕಾನೂನನ್ನು ಪಾಲಿಸಬೇಕು, ಅನ್ಯಾಯದ್ದನ್ನು ಮೀರಬೇಕು ಎಂದಾಗ, ಅದನ್ನು ನಿರ್ಣಯಿಸುವವರು ಯಾರು? 1954ರ ತೀರ್ಪನ್ನು ಪಾಲಿಸಿರೆಂದು ಬಿಳಿಯರಿಗೆ ಹೇಳುವವರು ತಾವೇ ಕಾನೂನನ್ನು ಮುರಿಯಬಹುದೆ? ಅಲಬಾಮಾದ ರಾಜ್ಯಪಾಲ ವಾಲೆಸ್ 1963ರ ಜೂನಿನಲ್ಲಿ ವಿಶ್ವವಿದ್ಯಾಲಯದ ಬಾಗಿಲಲ್ಲಿ ಅಡ್ಡನಿಂತು ಕಪ್ಪು ವಿದ್ಯಾರ್ಥಿಗಳನ್ನು ತಡೆದಾಗ ಅವನೂ ಅವಿಧೇಯನೇ. ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಪ್ರಾಂತದವರು ಬಿಳಿಯ ಮಕ್ಕಳ ಜತೆಗೆ ಕಪ್ಪು ಮಕ್ಕಳನ್ನು ಕೂರಿಸುವ ಬದಲು 1959ರಿಂದ 1964ರವರೆಗೆ ಸಾರ್ವಜನಿಕ ಶಾಲೆಗಳನ್ನೇ ಮುಚ್ಚಿದ್ದರು. ಇವರಿಗೂ ಕಿಂಗ್‌ನಿಗೂ ಭೇದವೇನು? ಬಹಿರಂಗವಾಗಿ, ಪ್ರೀತಿಯಿಂದ, ಶಿಕ್ಷೆಯನ್ನು ಸ್ವೀಕರಿಸಲು ಸಿದ್ಧನಾಗಿ ಮುರಿಯಬೇಕೆಂದು ಕಿಂಗ್ ಉತ್ತರ ಕೊಡುತ್ತಾನೆ. ನನ್ನ ದೃಷ್ಟಿಯಲ್ಲಿ ಕೊನೆಯ ನಿಬಂಧನೆಯೇ ಗಟ್ಟಿಯಾದುದು. ಉಳಿದೆರಡನ್ನು ವಾಲೆಸನೂ ತನ್ನದೆನ್ನಬಹುದು, ಅವನು ಮಾಡಿದುದೂ ಬಹಿರಂಗವಾಗಿಯೇ.

ಶಿಕ್ಷೆಯ ಮಾತು ಬರಿಯ ಮಾತಾಗಿರಲಿಲ್ಲ. ಕಿಂಗ್ ಬರ್ಮಿಂಗ್‌ಹ್ಯಾಮಿನಲ್ಲಿ ಮುರಿದುದು ಏಪ್ರಿಲ್ 10ರ ತಡೆಯಾಜ್ಞೆಯನ್ನು. ಆ ಮೊಕದ್ದಮೆ ಮೇಲೇರುತ್ತ ಹೋಗಿ 1967ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಾಗ ಐವರು ನ್ಯಾಯಾಧೀಶರು ಒಂದೆಡೆ, ನಾಲ್ವರು ಇನ್ನೊಂದೆಡೆಯಾಗಿ ಶಿಕ್ಷೆ ಖಾಯಂ ಆಯಿತು: ಆಜ್ಞೆ ತಪ್ಪಿದ್ದರೂ ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬೇಕಿತ್ತು, ಬೀದಿಯಲ್ಲಿ ಮುರಿಯಕೂಡದಿತ್ತು. ನೊಬೆಲ್ ಬಹುಮಾನ ಪಡೆದು ಮೂರು ವರ್ಷಗಳಾಗಿದ್ದ ಕಿಂಗ್, ಅದೇ ವರ್ಷದ ಅಕ್ಟೋಬರಿನ ಕೊನೆಯಲ್ಲಿ ಐದು ದಿನಗಳ ಶಿಕ್ಷೆಗಾಗಿ ಮತ್ತೆ ಅಲಬಾಮಾದ ಸೆರೆಗೆ ಹೋದನು. ಮೆರವಣಿಗೆಗೆ ಪರವಾನಿಗೆ ಬೇಕೆನ್ನುತ್ತಿದ್ದ ಆ ನಗರದ ನಿಯಮವನ್ನು ಸಂವಿಧಾನ ವಿರುದ್ಧವಾಗಿ ಬಳಸಲಾಗಿತ್ತೆಂದು ಅದೇ ನ್ಯಾಯಾಲಯ 1969ರಲ್ಲಿ ಇನ್ನೊಂದು 'ಷಟಲ್ಸ್‌ವರ್ತ್' ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಅಷ್ಟರಲ್ಲಿ ಕಿಂಗ್ ಕೊಲೆಯಾಗಿ ವರ್ಷವಾಗಿತ್ತು. ಕನಸಿನ ಭಾಷಣದಿಂದ ಮುಗಿಯುವ ಪಾಠಗಳಲ್ಲಿ ಈ ಅಧ್ಯಾಯಕ್ಕೆ ಎಡೆಯಿಲ್ಲ.

ಭಾರತದ ತರಗತಿಯಲ್ಲಿ ಇದೇ ಚರ್ಚೆ ಇನ್ನೊಂದು ಕಡೆಯಿಂದ ಹುಟ್ಟುತ್ತದೆ. 1927ರಲ್ಲಿ ಮಹಾಡದ ಕೆರೆಯ ನೀರನ್ನು ಮುಟ್ಟಿ ಸತ್ಯಾಗ್ರಹ ನಡೆಸಿದ ಅಂಬೇಡ್ಕರರೇ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತಾಡುತ್ತ, ಸಂವಿಧಾನದ ಮಾರ್ಗಗಳು ತೆರೆದಿರುವಾಗ ಕಾನೂನುಭಂಗ, ಅಸಹಕಾರ, ಸತ್ಯಾಗ್ರಹಗಳನ್ನು ಬಿಡಬೇಕೆಂದು ಎಚ್ಚರಿಸಿದರು. ಹಾಗಾದರೆ ಕಿಂಗ್ ಮಾಡಿದುದು ತಪ್ಪೆ? ಜಾಣ ವಿದ್ಯಾರ್ಥಿ ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾನೆ, ಕೇಳಲೇಬೇಕು. ಇದಕ್ಕೆ ಉತ್ತರ ಅಂಬೇಡ್ಕರರ ಮಾತಿನಲ್ಲಿರುವ ನಿಬಂಧನೆಯಲ್ಲಿಯೇ ಇದೆ: ಮಾರ್ಗ ತೆರೆದಿರಬೇಕು. ಅಮೆರಿಕದ ಸಂವಿಧಾನ ಕಪ್ಪು ಜನರ ಮತದಾನದ ಹಕ್ಕನ್ನು 1870ರಲ್ಲಿಯೇ ಬರೆದುಕೊಟ್ಟಿತ್ತು. ಆದರೂ 1964ರಲ್ಲಿ ಮಿಸಿಸಿಪ್ಪಿ ರಾಜ್ಯದ ಪ್ರಾಪ್ತವಯಸ್ಕ ಕಪ್ಪು ಜನರಲ್ಲಿ ಮತದಾರರ ಪಟ್ಟಿಯಲ್ಲಿದ್ದವರು ಶೇಕಡಾ 7ಕ್ಕಿಂತ ಕಡಿಮೆ. ಮತದಾನ ಹಕ್ಕಿನ ಕಾನೂನು 1965ರ ಆಗಸ್ಟ್ 6ರಂದು ಜಾರಿಗೆ ಬಂದ ಮೇಲೆ, 1967ರ ಹೊತ್ತಿಗೆ, ಅದು ಶೇಕಡಾ 59ಕ್ಕೆ ಏರಿತು. ಕಾಗದದ ಮೇಲೆ ತೆರೆದ ಬಾಗಿಲು ಬೀದಿಯಲ್ಲಿ ಮುಚ್ಚಿದೆಯೆ ಎಂದು ಪ್ರತಿಯೊಂದು ಸಂದರ್ಭದಲ್ಲಿಯೂ ಹೋಗಿ ತಳ್ಳಿ ನೋಡಬೇಕಾಗುತ್ತದೆ. ಅಂಬೇಡ್ಕರರನ್ನೂ ಕಿಂಗ್‌ನನ್ನೂ ಎದುರುಬದುರಾಗಿ ಕೂರಿಸಿ ಓದಿಸುವ ಪಠ್ಯವೊಂದು ನಮ್ಮ ಭಾಷೆಯಲ್ಲಿ ಬಂದರೆ ಅದು ದೊಡ್ಡ ಉಪಕಾರವಾದೀತು.

ಶಾಲೆ ಈ ಚರಿತ್ರೆಯನ್ನು ಹೊರಗಿನಿಂದ ನೋಡಿ ವರ್ಣಿಸುವ ಸಾಕ್ಷಿಯಲ್ಲ. ಅದರ ಒಳಗಿನ ಪಾತ್ರ. 1963ರ ಮೇ 2ರಂದು ಬರ್ಮಿಂಗ್‌ಹ್ಯಾಮಿನ ಸಾವಿರಾರು ಮಕ್ಕಳು ತರಗತಿ ಬಿಟ್ಟು ಬೀದಿಗೆ ಇಳಿದರು. ಮರುದಿನ ಅವರ ಮೇಲೆ ನಾಯಿಗಳನ್ನೂ ಬೆಂಕಿ ಆರಿಸುವ ನೀರಿನ ಕೊಳವೆಗಳನ್ನೂ ಬಿಟ್ಟ ಚಿತ್ರಗಳು ಇಂದು ಎಲ್ಲ ಪುಸ್ತಕಗಳಲ್ಲಿವೆ. ಆ ಮಕ್ಕಳಲ್ಲಿ ಸಾವಿರಕ್ಕೂ ಮಿಕ್ಕವರನ್ನು ಅಮಾನತಿನಲ್ಲಿಡಲು ಅಥವಾ ಹೊರಹಾಕಲು ನಗರದ ಶಾಲಾ ಮಂಡಳಿಯೇ ಮೇ 20ರಂದು ಆಜ್ಞೆ ಹೊರಡಿಸಿತೆಂಬುದು, ಎರಡೇ ದಿನಗಳಲ್ಲಿ ಮೇಲಿನ ನ್ಯಾಯಾಲಯ ಅದನ್ನು ತಡೆದುದು, ಎಷ್ಟು ಪುಸ್ತಕಗಳಲ್ಲಿದೆ? ಸೆಪ್ಟಿಮಾ ಕ್ಲಾರ್ಕ್ ಹಲವು ದಶಕಗಳ ಕಾಲ ಅಧ್ಯಾಪಿಕೆಯಾಗಿದ್ದವಳು. ಹಕ್ಕುಗಳ ಸಂಘದ ಸದಸ್ಯತ್ವವನ್ನು ಬಿಡಲೊಲ್ಲೆನೆಂದುದಕ್ಕೆ 1956ರಲ್ಲಿ ಕೆಲಸ ಕಳೆದುಕೊಂಡಳು. ಅನಂತರ ದಕ್ಷಿಣ ಕೆರೊಲಿನಾದ ಜಾನ್ಸ್ ದ್ವೀಪದಲ್ಲಿ, ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ, 1957ರ ಜನವರಿಯಲ್ಲಿ ಆರಂಭವಾದ ಪೌರತ್ವದ ಶಾಲೆಗೆ ಅವಳೂ ಅವಳ ಜತೆಯವರೂ ಆರಿಸಿದ ಮೊದಲ ಉಪಾಧ್ಯಾಯಿನಿ ಬರ್ನೀಸ್ ರಾಬಿನ್ಸನ್, ಕೇಶಾಲಂಕಾರ ಮಾಡುವ ಕಸುಬಿನವಳು. ಶಿಕ್ಷಕ ತರಬೇತಿ ಪಡೆದವಳಲ್ಲ. ವಯಸ್ಕರು ಅಲ್ಲಿ ತಮ್ಮ ಹೆಸರು ಬರೆಯುವುದನ್ನೂ, ಅಂಚೆಯ ಮೂಲಕ ಸಾಮಾನು ತರಿಸುವ ನಮೂನೆ ತುಂಬುವುದನ್ನೂ, ಮತದಾರನಾಗಲು ಓದಬೇಕಿದ್ದ ರಾಜ್ಯದ ಕಾನೂನಿನ ಭಾಗವನ್ನೂ ಕಲಿತರು. ಮಿಸಿಸಿಪ್ಪಿಯಲ್ಲಿ 1964ರ ಬೇಸಿಗೆಯಲ್ಲಿ ನಡೆದ ಸುಮಾರು ನಲವತ್ತು ಸ್ವಾತಂತ್ರ್ಯ ಶಾಲೆಗಳಲ್ಲಿ ಪಾಠ ಆರಂಭವಾಗುತ್ತಿದ್ದುದು ಉತ್ತರಗಳಿಂದಲ್ಲ, ಪ್ರಶ್ನೆಗಳಿಂದ.

ಸೆಲ್ಮಾ ನಗರದ ಸೇತುವೆಯ ಮೇಲೆ 1965ರ ಮಾರ್ಚ್ 7ರಂದು ನಡೆದ ರಕ್ತಪಾತವನ್ನು ಎಲ್ಲರೂ ಬಲ್ಲರು. ಅದಕ್ಕೆ ಆರು ವಾರ ಮೊದಲು, ಜನವರಿ 22ರ ಮಧ್ಯಾಹ್ನ, ಅದೇ ಊರಿನ ನೂರಕ್ಕೂ ಮಿಕ್ಕ ಕಪ್ಪು ಅಧ್ಯಾಪಕರು ಶಾಲೆ ಬಿಟ್ಟ ಮೇಲೆ ಸಾಲುಗಟ್ಟಿ ನ್ಯಾಯಾಲಯದ ಕಡೆಗೆ, ಮತದಾರರ ಪಟ್ಟಿಗೆ ತಮ್ಮ ಹೆಸರನ್ನು ಸೇರಿಸಿರೆಂದು ಕೇಳಲು, ನಡೆದರು. ಅವರಿಗೆ ಸಂಬಳ ಕೊಡುತ್ತಿದ್ದುದು ಬಿಳಿಯರ ಶಾಲಾ ಮಂಡಳಿ. ಸೆರೆಗೆ ಹೋಗಬೇಕಾದೀತೆಂದು ಅವರು ಹಲ್ಲುಜ್ಜುವ ಬ್ರಷ್ಷುಗಳನ್ನು ಜತೆಗೆ ತಂದು ಎತ್ತಿ ಹಿಡಿದಿದ್ದರು. ನ್ಯಾಯಾಲಯದ ಮೆಟ್ಟಿಲಿನಿಂದ ಷೆರೀಫನ ಜನ ಲಾಠಿಯಿಂದ ಅವರನ್ನು ಕೆಳಗೆ ತಳ್ಳಿದರು, ಅವರು ಮತ್ತೆ ಹತ್ತಿದರು, ಮತ್ತೆ ತಳ್ಳಿದರು. ಚರ್ಚಿಗೆ ಹಿಂದಿರುಗಿದಾಗ ಅಲ್ಲಿ ಕಾದಿದ್ದ ಅವರ ವಿದ್ಯಾರ್ಥಿಗಳು ಕೂಗಿ ಬರಮಾಡಿಕೊಂಡರು.